ಸಭೆಗೆ ಬಾರದ ಮನೆಗಳು

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ಫೋಟೊಗಳು ನಮ್ಮ ವಾಟ್ಸಾಪ್ ಗುಂಪಿಗೆ ಆಗಾಗ ಬರುತ್ತಿರುತ್ತವೆ. ಒಂದು ಟೇಬಲ್ಲು, ಅದರ ಹಿಂದೆ ಅಧ್ಯಕ್ಷರು, ಹೆಡ್‌ಮಾಸ್ತರು, ಪಂಚಾಯಿತಿಯ ಒಬ್ಬ ಮೆಂಬರು, ಕೆಲವೊಮ್ಮೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ. ಎದುರಿಗೆ ಬೆಂಚಿನ ಮೇಲೆ ಏಳೆಂಟು ಜನ. ಕೆಳಗೆ 'ಶಾಲೆಯ ಅಭಿವೃದ್ಧಿ ಕುರಿತು ಚರ್ಚಿಸಲಾಯಿತು' ಅನ್ನುವ ಒಂದು ಸಾಲು. ಏನು ಚರ್ಚೆ ಆಯ್ತು ಅಂತ ಯಾರನ್ನಾದರೂ ಕೇಳಿ ನೋಡಿ. ಕಾಂಪೌಂಡು, ಸುಣ್ಣಬಣ್ಣ, ಗೇಟು, ಧ್ವಜದ ಕಟ್ಟೆ, ಸೋರುವ ಕೋಣೆ. ಇವು ಬೇಡ ಅಂತಲ್ಲ. ಮಳೆಗಾಲದಲ್ಲಿ ಸೋರುವ ಕೋಣೆಯಲ್ಲಿ ಪಾಠ ಹೇಳುವುದೂ ಕಷ್ಟ, ಕೇಳುವುದೂ ಕಷ್ಟ. ಆದರೆ ಆ ಫೋಟೊ ನೋಡಿದಾಗಲೆಲ್ಲ ನನಗೆ ಅದರಲ್ಲಿ ಇಲ್ಲದವರ ಮುಖ ನೆನಪಾಗುತ್ತದೆ. ದಿನಾ ಕೂಲಿಗೆ ಹೋಗುವ ಮನೆಯವರು. ತಾಂಡಾದವರು. ಕೇರಿಯವರು. ಗುಳೆ ಹೋದವರು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮನೆ ನಡೆಸುತ್ತಿರುವ ಹೆಂಗಸು. ನಡೆಯಲಾಗದ ಮಗುವನ್ನು ಬಿಟ್ಟು ಹೊರಗೆ ಬರಲಾಗದ ತಾಯಿ. ಶಾಲೆಯ ಆಸರೆ ಯಾರಿಗೆ ಜಾಸ್ತಿ ಬೇಕೋ ಅವರೇ ಅಲ್ಲಿಲ್ಲ. ಇದು ಬಹಳ ದಿನದಿಂದ ನನ್ನನ್ನು ಕೊರೆಯುತ್ತಿದೆ.

ನಾನು ಕಲ್ಯಾಣ ಕರ್ನಾಟಕದ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ ಸದಸ್ಯ. ಮಗಳು ಅಲ್ಲೇ ಏಳನೇ ತರಗತಿ. ಪೋಷಕರ ಕೈಗೆ ಶಾಲೆಯ ಉಸ್ತುವಾರಿ ಕೊಡುವ ವಿಷಯದಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆ ಹೇಳಿದ ಮೇಲೆ 2001ರಲ್ಲೇ ಇಲ್ಲಿ ಎಸ್‌ಡಿಎಂಸಿಗಳು ಬಂದವು. ದೇಶಕ್ಕೆಲ್ಲ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಗಿದ್ದು 2010ರ ಏಪ್ರಿಲ್‌ನಲ್ಲಿ. ಆ ಕಾಯ್ದೆಯ ಸೆಕ್ಷನ್ 21 ಓದಿದರೆ ಖುಷಿಯಾಗುತ್ತದೆ. ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆ-ತಾಯಿ ಅಥವಾ ಪಾಲಕರೇ ಇರಬೇಕು. ಅರ್ಧದಷ್ಟು ಹೆಂಗಸರಿರಬೇಕು. ಅವಕಾಶ ಸಿಗದ, ಬಡತನದ ಮನೆಗಳ ಮಕ್ಕಳು ಶಾಲೆಯಲ್ಲಿ ಎಷ್ಟಿದ್ದಾರೋ ಅದಕ್ಕೆ ತಕ್ಕ ಹಾಗೆ ಆ ಮನೆಯವರಿಗೂ ಜಾಗ ಇರಬೇಕು. ಬರೆದವರು ಯೋಚನೆ ಮಾಡಿಯೇ ಬರೆದಿದ್ದಾರೆ. ಆದರೆ ಹೆಸರು ಪಟ್ಟಿಯಲ್ಲಿರುವುದಕ್ಕೂ ಆ ಮನುಷ್ಯ ಸಭೆಯಲ್ಲಿ ಕೂತು ಬಾಯಿ ಬಿಟ್ಟು ಮಾತಾಡುವುದಕ್ಕೂ ಬಹಳ ದೂರ ಇದೆ. ಆ ದೂರದ ಬಗ್ಗೆಯೇ ಇಲ್ಲಿ ಬರೆಯಬೇಕು ಅನ್ನಿಸಿದೆ.

ಹನ್ನೊಂದು ಗಂಟೆಯ ಸಭೆ

ಸಭೆ ಇಡುವುದು ಬೆಳಿಗ್ಗೆ ಹನ್ನೊಂದಕ್ಕೆ. ಶಿಕ್ಷಕರಿಗೆ, ಆಫೀಸಿನವರಿಗೆ ಅದು ಸರಿಯಾದ ಹೊತ್ತು. ಆದರೆ ಆ ಹೊತ್ತಿಗೆ ನಮ್ಮ ಕಡೆ ಹತ್ತಿ ಬಿಡಿಸುವವರು ಹೊಲದಲ್ಲಿ ಬಗ್ಗಿರುತ್ತಾರೆ, ನರೇಗಾ ಕೆಲಸದವರು ಕೆರೆಯ ಹೂಳಲ್ಲಿ ನಿಂತಿರುತ್ತಾರೆ. ಸಭೆಗೆ ಬಂದರೆ ಅರ್ಧ ದಿನದ ಕೂಲಿ ಹೋಗುವುದಿಲ್ಲ, ಇಡೀ ದಿನದ್ದೇ ಹೋಗುತ್ತದೆ. ಮಧ್ಯಾಹ್ನ ಬಂದವರನ್ನು ಯಾರೂ ಕೆಲಸಕ್ಕೆ ಹಚ್ಚಿಕೊಳ್ಳುವುದಿಲ್ಲ. 'ಪೋಷಕರಿಗೆ ಆಸಕ್ತಿ ಇಲ್ಲ' ಅನ್ನುವ ಮಾತನ್ನು ಶಾಲೆಗಳಲ್ಲಿ ಎಷ್ಟು ಸುಲಭವಾಗಿ ಹೇಳುತ್ತಾರೆ ಅಂದರೆ, ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಮಗನ ಶಾಲೆ ಬಗ್ಗೆ ಮಾತಾಡಲು ಒಂದು ದಿನದ ಊಟ ಬಿಡಿ ಅಂತ ಯಾರಿಗೆ ಹೇಳಬಹುದು?

ಒಂದು ಸಭೆ ಚೆನ್ನಾಗಿ ನೆನಪಿದೆ. ಕಾಂಪೌಂಡಿನ ವಿಷಯ ಇತ್ತು. ಮಾತು ಜೋರಾಗಿ ನಡೆದಿತ್ತು. ಕೇರಿಯಿಂದ ಆರಿಸಿ ಬಂದಿದ್ದ ಒಬ್ಬ ತಾಯಿ ಬಾಗಿಲ ಹತ್ತಿರ, ಕುರ್ಚಿ ಖಾಲಿ ಇದ್ದರೂ ನೆಲದ ಮೇಲೆ ಕೂತಿದ್ದರು. ಅವತ್ತು ಅವರ ಗಂಡನಿಗೆ ಬೇರೆ ಕೆಲಸ ಇತ್ತು, ಅದಕ್ಕೇ ಅವರೇ ಬಂದಿದ್ದರು. ಇಲ್ಲದಿದ್ದರೆ ಗಂಡ ಬಂದು, ಹೆಂಡತಿಯ ಹೆಸರಿನ ಮುಂದೆ ಸಹಿ ಹಾಕಿ ಹೋಗುವುದೇ ರೂಢಿ. ನಡಾವಳಿ ಪುಸ್ತಕ ಅವರ ಕೈಗೆ ಬಂತು. ಅಷ್ಟೊತ್ತಿಗೆ ಠರಾವು ಬರೆದಾಗಿತ್ತು. ಅವರು ಪೆನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಹೆಣ್ಣ ಹುಡುಗ್ಯಾರ ಪಾಯಿಖಾನಿ ಬಾಗಲಕ ಚಿಲಕ ಇಲ್ರಿ" ಅಂದರು. "ಅದು ಸಣ್ಣ ವಿಷಯ ಬಿಡವ್ವ, ಆಮೇಲೆ ನೋಡೋಣ" ಅಂತ ಯಾರೋ ಅಂದರು. ಅವರು ಬಿಡಲಿಲ್ಲ. "ಸಣ್ಣದಲ್ರಿ. ನನ್ನ ಮಗಳು ಮುಂಜಾನೆಯಿಂದ ನೀರು ಕುಡಿಯಂಗಿಲ್ಲ. ತಿಂಗಳ ದಿನದಾಗ ಸಾಲಿಗೇ ಬರಂಗಿಲ್ಲ. ಒಬ್ಬಾಕಿ ಒಳಗ ಹೋದ್ರ ಇನ್ನೊಬ್ಬಾಕಿ ಬಾಗಲಾ ಹಿಡಕೊಂಡು ನಿಂದರಬೇಕು" ಅಂದರು. ಕೋಣೆ ಸುಮ್ಮನಾಯ್ತು. ಅಲ್ಲಿದ್ದ ಗಂಡಸರಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಹೆಣ್ಣುಮಕ್ಕಳು ಇಂಥದ್ದನ್ನು ಅಪ್ಪನ ಹತ್ತಿರ ಹೇಳುವುದಿಲ್ಲ, ಮಾಸ್ತರ ಹತ್ತಿರ ಮೊದಲೇ ಹೇಳುವುದಿಲ್ಲ.

ಅದನ್ನು ಠರಾವಿನಲ್ಲಿ ಸೇರಿಸಲು ಜಾಗ ಇರಲಿಲ್ಲ. ಕೊನೆಯ ಸಾಲಿನ ಕೆಳಗೆ ಅಕ್ಕೋರೊಬ್ಬರು (ಶಿಕ್ಷಕಿ) ತಾವೇ ಪೆನ್ನು ತೆಗೆದುಕೊಂಡು ಬರೆದರು. ಆ ವಾರವೇ ಚಿಲಕ ಬಂತು, ಒಳಗೊಂದು ಬಕೆಟ್ಟು, ಮಗ್ಗು, ಮುಚ್ಚಳ ಇರುವ ಕಸದ ಡಬ್ಬಿ ಬಂತು. ದುಡ್ಡು ಎಲ್ಲಿಂದ ಅಂದರೆ, ಅದು ಮೊದಲಿಂದಲೂ ಇತ್ತು. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಲೆಕ್ಕದಲ್ಲಿ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ಅನುದಾನ ಇದೆ, ಅದರಲ್ಲಿ ಕನಿಷ್ಠ ಹತ್ತನೇ ಒಂದು ಪಾಲು ಸ್ವಚ್ಛತೆಗೆ ಅಂತಲೇ ಇದೆ. ಚಿಲಕ ಇಲ್ಲ ಅನ್ನುವ ಸುದ್ದಿ ಮಾತ್ರ ಆ ಟೇಬಲ್ಲಿನವರೆಗೆ ಬಂದಿರಲಿಲ್ಲ. ಆ ತಾಯಿಯ ಗಂಡ ಅವತ್ತು ಊರಲ್ಲಿದ್ದಿದ್ದರೆ ಆಗಲೂ ಬರುತ್ತಿರಲಿಲ್ಲ.

ಇದಾದ ಮೇಲೆ ನಾವು ಬದಲಾಯಿಸಿಕೊಂಡದ್ದು ಬಹಳ ಸಣ್ಣ ಸಣ್ಣ ಸಂಗತಿ. ಸಭೆಯ ಮೊದಲ ಅರ್ಧ ಗಂಟೆ ಹೆಣ್ಣುಮಕ್ಕಳ ಮಾತಿಗೆ. ಸಹಿ ಹಾಕಬೇಕಾದವರೇ ಬರಬೇಕು, ಅವರ ಬದಲು ಬಂದವರು ಕೂತು ಕೇಳಬಹುದು, ಸಹಿ ಹಾಕುವ ಹಾಗಿಲ್ಲ. ಠರಾವನ್ನು ಸಭೆ ಮುಗಿದ ಮೇಲೆ ಬರೆಯಬೇಕು, ಬರೆದದ್ದನ್ನು ಗಟ್ಟಿಯಾಗಿ ಓದಬೇಕು, ಆಮೇಲೆ ಸಹಿ. ಓದು ಬಾರದ ಸದಸ್ಯರಿಗೆ ಇದರಿಂದ ಎಷ್ಟು ಧೈರ್ಯ ಬಂತು ಅಂದರೆ, ಒಬ್ಬ ಅಜ್ಜ "ನಾ ಹಂಗ ಅಂದಿಲ್ಲ, ಹಿಂಗ ಅಂದೀನಿ, ತಿದ್ರಿ" ಅಂತ ಎರಡು ಸಲ ತಿದ್ದಿಸಿದರು. ಅವರು ಮೊಮ್ಮಗನ ಪಾಲಕರಾಗಿ ಸಮಿತಿಗೆ ಬಂದವರು, ಹೆಬ್ಬೆಟ್ಟು ಒತ್ತುವವರು.

ಸಂಜೆ, ಸೇವಾಲಾಲ್ ಗುಡಿಯ ಕಟ್ಟೆ

ಹೊಸದಾಗಿ ಬಂದ ಹೆಡ್‌ಮಾಸ್ತರು ಒಂದು ಸಲ ಸಭೆಯನ್ನು ಸಂಜೆ ಏಳಕ್ಕೆ, ತಾಂಡಾದಲ್ಲೇ ಇಡೋಣ ಅಂದರು. ಶಾಲೆಯ ಸಭೆ ಶಾಲೆಯಲ್ಲೇ ಆಗಬೇಕು ಅಂತ ಕೆಲವರು ತಕರಾರು ತೆಗೆದರು. ಹೆಡ್‌ಮಾಸ್ತರು ಜಗಳ ಆಡಲಿಲ್ಲ. ಕೋರಂ ಬೇಕಲ್ಲ, ಇಲ್ಲಿ ಆಗುತ್ತಿಲ್ಲವಲ್ಲ, ಅಲ್ಲಿ ಆಗುತ್ತದೋ ನೋಡೋಣ ಅಂದರು. ಹೋದೆವು. ಲಂಬಾಣಿಗರ ಗುರು ಸೇವಾಲಾಲರ ಗುಡಿಯ ಮುಂದೆ ಒಂದು ಬಲ್ಬು. ಯಾರೋ ಓಡಿಹೋಗಿ ಪ್ಲಾಸ್ಟಿಕ್ ಕುರ್ಚಿ ತಂದರು. ಹೆಡ್‌ಮಾಸ್ತರು ಅದನ್ನು ಪಕ್ಕಕ್ಕಿಟ್ಟು ಕಟ್ಟೆಯ ಮೇಲೆ ಕೂತರು. ಹೆಂಗಸರು ಆಗಷ್ಟೇ ಹೊಲದಿಂದ ಬಂದು ಕೈಕಾಲು ತೊಳೆದುಕೊಂಡು ಬಂದಿದ್ದರು. ಶಾಲೆಯ ಸಭೆಗೆ ಎಂದೂ ಕಾಣದಷ್ಟು ಜನ. ಆದರೂ ಮೊದಮೊದಲು ಯಾರೂ ಮಾತಾಡಲಿಲ್ಲ. ಕೂಲಿ ಹೆಚ್ಚಿದ್ದು, ಮಳೆ ಬಾರದ್ದು, ಊರ ಸುದ್ದಿ ಎಲ್ಲ ಆದಮೇಲೆ ಒಬ್ಬ ತಂದೆ ಎದ್ದು ನಿಂತ.

"ಸರ್, ದೀಪಾವಳಿ ಮಾಡಿಕೊಂಡು ನಾವು ಕಬ್ಬಿಗೆ ಹೋಗ್ತೀವ್ರಿ. ಬರೋದು ಹೋಳಿ ಹೊತ್ತಿಗೆ. ಬಂದಾಗ ಹುಡುಗನ ಹೆಸರು ಇರತೈತೇನ್ರಿ?"

ಹೆಸರು ಇರತೈತಪ್ಪ, ಆದರೆ ಹುಡುಗ ಯಾಕೆ ಹೋಗಬೇಕು, ಇಲ್ಲೇ ಅಜ್ಜಿ ಹತ್ತಿರ ಬಿಟ್ಟು ಹೋಗಬಹುದಲ್ಲ ಅಂತ ಹೆಡ್‌ಮಾಸ್ತರು ಕೇಳಿದರು. ಎಲ್ಲರೂ ಕೇಳುವ ಪ್ರಶ್ನೆಯೇ ಅದು. ಆತ ಸ್ವಲ್ಪ ಹೊತ್ತು ಬಿಟ್ಟು ಹೇಳಿದ. "ಅವ್ವಗ ಕಣ್ಣು ಕಾಣಂಗಿಲ್ರಿ. ಬಿಟ್ಟು ಹೋದ್ರ ಇವನೇ ಅಕಿಗೆ ರೊಟ್ಟಿ ಮಾಡಿ ಹಾಕಬೇಕಾಗತೈತಿ." ಹುಡುಗನಿಗೆ ಆಗ ಹತ್ತು ವರ್ಷ. ಅವನೂ ಅಲ್ಲೇ ಅಪ್ಪನ ಹಿಂದೆ ನಿಂತಿದ್ದ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಬರೀ ಗೈರು. ಆ ಗೈರಿನ ಹಿಂದೆ ಒಂದು ಮುದುಕಿಯ ಕಣ್ಣಿದೆ ಅನ್ನುವುದು ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ. ಆಗ ಶಾಲೆಯ ಬಿಸಿಯೂಟದ ಅಡುಗೆ ಮಾಡುವ ಹೆಂಗಸು, ಅದೇ ತಾಂಡಾದವರು, ಹಿಂದಿನಿಂದ ಹೇಳಿದರು: "ಮಧ್ಯಾಹ್ನ ಸಾಲ್ಯಾಗ ಉಣ್ತಾನ. ರಾತ್ರಿ ಇಬ್ಬರಿಗೂ ಎರಡು ರೊಟ್ಟಿ ನಾ ಕೊಡ್ತೀನಿ, ಬಿಟ್ಟು ಹೋಗೋ ಅಣ್ಣಾ." ಆ ವರ್ಷ ಹುಡುಗ ಊರಲ್ಲೇ ಉಳಿದ. ಆ ಮನೆಗೆ ಜೋಳ ಕೊಡಿಸುವುದು, ಅಜ್ಜಿಯನ್ನು ಕಣ್ಣಿನ ಕ್ಯಾಂಪಿಗೆ ಕರೆದುಕೊಂಡು ಹೋಗುವುದು ಸಮಿತಿಯ ನಡಾವಳಿಯಲ್ಲಿ ಬಂತು. ಶಾಲೆಯ ನಡಾವಳಿಯಲ್ಲಿ ಅಜ್ಜಿಯ ಕಣ್ಣು ಯಾಕೆ ಅಂತ ಯಾರೂ ಕೇಳಲಿಲ್ಲ, ಅಲ್ಲಿ ಕೂತಿದ್ದವರಿಗೆಲ್ಲ ಗೊತ್ತಿತ್ತು.

ಉಳಿದ ಮನೆಯವರು ಮಕ್ಕಳನ್ನು ಕರೆದುಕೊಂಡೇ ಹೋದರು. ಎಲ್ಲರಿಗೂ ಇಂಥ ಅಕ್ಕ ಸಿಗುವುದಿಲ್ಲ. ಅಂಥವರಿಗಾಗಿಯೇ ಸರ್ಕಾರ ಋತುಮಾನದ ವಸತಿ ಶಾಲೆ ಅಂತ ಮಾಡುತ್ತದೆ, ಅಪ್ಪ-ಅಮ್ಮ ಗುಳೆ ಹೋದ ತಿಂಗಳುಗಳಲ್ಲಿ ಮಕ್ಕಳು ಇಲ್ಲೇ ಉಳಿಯಲಿ ಅಂತ. ಆದರೆ ಅದನ್ನು ಕೇಳಬೇಕಾದರೆ ಯಾರ್‍ಯಾರು ಹೋಗುತ್ತಾರೆ, ಯಾವಾಗ ಹೋಗುತ್ತಾರೆ ಅನ್ನುವ ಪಟ್ಟಿ ದಸರೆಗೆ ಮೊದಲೇ ಕೈಯಲ್ಲಿರಬೇಕು. ಟ್ರ್ಯಾಕ್ಟರ್ ಹೊರಟ ಮೇಲೆ ಪಟ್ಟಿ ಮಾಡಿ ಏನು ಪ್ರಯೋಜನ? ಈ ಪಟ್ಟಿ ಮಾಡಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಆಗುವುದಿಲ್ಲ. ಸಮಿತಿಗೆ ಆಗುತ್ತದೆ. ಯಾವ ಮನೆಯವರು ಯಾವ ಮೇಸ್ತ್ರಿಯ ಹತ್ತಿರ ಮುಂಗಡ ತೆಗೆದುಕೊಂಡಿದ್ದಾರೆ ಅಂತ ಊರಿಗೆ ಆಗಸ್ಟಿನಲ್ಲೇ ಗೊತ್ತಿರುತ್ತದೆ.

ಮಕ್ಕಳನ್ನು ಕರೆದುಕೊಂಡು ಹೋಗುವವರ ಕೈಗೆ ಈಗ ಒಂದು ಚೀಟಿ ಕೊಡುತ್ತೇವೆ. ಮಗುವಿನ ಹೆಸರು, ತರಗತಿ, ಸ್ಯಾಟ್ಸ್ ನಂಬರು (ಇಲಾಖೆಯ ದಾಖಲೆಯಲ್ಲಿ ಮಗುವಿಗಿರುವ ಗುರುತಿನ ಸಂಖ್ಯೆ), ಹೆಡ್‌ಮಾಸ್ತರ ಫೋನು. ಟಿಸಿ ಬರುವುದು ತಡವಾಯಿತು ಅಂತ ಯಾವ ಶಾಲೆಯೂ ಮಗುವನ್ನು ಸೇರಿಸಿಕೊಳ್ಳದೇ ಇರುವ ಹಾಗಿಲ್ಲ ಅಂತ ಕಾಯ್ದೆಯ ಸೆಕ್ಷನ್ 5 ಹೇಳುತ್ತದೆ. ಆ ಮಾತನ್ನೂ ಚೀಟಿಯ ಹಿಂದೆ ಬರೆದಿದ್ದೇವೆ. ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದ ಒಂದು ಮನೆಯವರು ಅದನ್ನು ತೋರಿಸಿ ಅಲ್ಲಿನ ಸರ್ಕಾರಿ ಶಾಲೆಗೆ ಮಗಳನ್ನು ಸೇರಿಸಿದರು. ಅಲ್ಲಿನ ಶಿಕ್ಷಕಿ ನಮ್ಮ ಹೆಡ್‌ಮಾಸ್ತರಿಗೆ ಫೋನ್ ಮಾಡಿ, ಹುಡುಗಿ ಗುಣಾಕಾರದವರೆಗೆ ಬಂದಿದ್ದಾಳೋ ಇಲ್ಲವೋ ಅಂತ ಕೇಳಿದರಂತೆ. ನನಗೆ ಈ ಫೋನಿನ ಸುದ್ದಿ ಬಹಳ ಇಷ್ಟವಾಯ್ತು.

ಅದೇ ಸಂಜೆ ಇನ್ನೊಂದು ನಡೆಯಿತು. ಚಿಕ್ಕ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಕೋಣೆಯಲ್ಲಿ ಒಂದನೇ ತರಗತಿಯ ಒಬ್ಬ ಹುಡುಗಿ ಮಾತೇ ಆಡುವುದಿಲ್ಲ, ಬಹುಶಃ ಏನೋ ತೊಂದರೆ ಇದೆ ಅಂತ ಅಕ್ಕೋರು ಚಿಂತೆಯಲ್ಲಿದ್ದರು. ಆ ಹುಡುಗಿ ಗುಡಿಯ ಮುಂದೆ ನಾಲ್ಕೈದು ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡು, ಕೈಯಲ್ಲಿ ಕಡ್ಡಿ ಹಿಡಿದು, ಲಂಬಾಣಿಯಲ್ಲಿ ಜೋರು ಜೋರಾಗಿ ಪಾಠ ಮಾಡುತ್ತಿದ್ದಳು. ಅಕ್ಕೋರು ಬಹಳ ಹೊತ್ತು ನೋಡುತ್ತಾ ನಿಂತರು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಮಗುವಿಗೆ ಬಾಯಿ ಇತ್ತು, ಶಾಲೆಗೆ ಅದರ ಭಾಷೆ ಗೊತ್ತಿರಲಿಲ್ಲ, ಅಷ್ಟೇ. ಸಾಧ್ಯವಾದ ಮಟ್ಟಿಗೆ ಮಗುವಿನ ತಾಯಿನುಡಿಯಲ್ಲೇ ಕಲಿಸಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯಲ್ಲೂ ಇದೆ. ಅಕ್ಕೋರು ಮರುದಿನದಿಂದ ಮಕ್ಕಳ ಹತ್ತಿರವೇ ಕೇಳಿ ಬರೆದುಕೊಳ್ಳಲು ಶುರು ಮಾಡಿದರು. ನೀರು ಬೇಕು, ಹೊಟ್ಟೆ ನೋಯುತ್ತಿದೆ, ಹೊರಗೆ ಹೋಗಬೇಕು, ಅವನು ಹೊಡೆದ. ಮೊದಲು ಇಷ್ಟು ಸಾಕು. ತಾಂಡಾದಲ್ಲಿ ಪಿಯುಸಿ ಮುಗಿಸಿ ಮನೆಯಲ್ಲಿದ್ದ ಒಬ್ಬ ಹುಡುಗಿ ವಾರದಲ್ಲಿ ಕೆಲವು ದಿನ ಬಂದು ಆ ಕೋಣೆಯಲ್ಲಿ ಕೂತು ಕಥೆ ಹೇಳುತ್ತಾಳೆ. ಅವಳಿಗೆ ಏನಾದರೂ ಗೌರವಧನ ಕೊಡಬೇಕು, ಸುಮ್ನೆ ದುಡಿಸಿಕೊಳ್ಳಬಾರದು ಅಂತ ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ. ಪಂಚಾಯಿತಿಯಿಂದ ಏನಾದರೂ ದಾರಿ ಆಗಬೇಕು.

ಕಾಗದಗಳು

ಬಡವರ ಮನೆಗೆ ಶಾಲೆ ಅಂದರೆ ಕಾಗದದ ಹೊರೆಯೂ ಹೌದು. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಖಾತೆ, ಖಾತೆಗೆ ಆಧಾರ್ ಜೋಡಣೆ, ವಿದ್ಯಾರ್ಥಿವೇತನದ ಆನ್‌ಲೈನ್ ಅರ್ಜಿ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಅಪ್ಪನ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಒಂದು ಅಕ್ಷರ ಸರಿ ಮಾಡಿಸಲು ನಾಡಕಚೇರಿಗೆ ಒಂದು ದಿನ, ಬ್ಯಾಂಕಿಗೆ ಒಂದು ದಿನ, ಆಧಾರ್ ಕೇಂದ್ರಕ್ಕೆ ಒಂದು ದಿನ. ಪ್ರತಿ ದಿನವೂ ಕೂಲಿ ಇಲ್ಲ, ಮೇಲೆ ಬಸ್ ಚಾರ್ಜು. ಕೊನೆಗೆ ಬರುವ ವಿದ್ಯಾರ್ಥಿವೇತನಕ್ಕಿಂತ ಓಡಾಟಕ್ಕೆ ಆದ ಖರ್ಚೇ ಜಾಸ್ತಿ ಅಂತ ಲೆಕ್ಕ ಹಾಕಿ ಎಷ್ಟೋ ಮನೆಯವರು ಕೈಬಿಡುತ್ತಾರೆ. ಅವರ ಲೆಕ್ಕ ತಪ್ಪು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಇಲ್ಲಿ ಸಮಿತಿ ಮಾಡಬಹುದಾದದ್ದು ಬಹಳ ಇದೆ, ಮತ್ತು ಇದಕ್ಕೆ ದುಡ್ಡು ಬೇಕಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಒಂದು ಭಾನುವಾರ ಗ್ರಾಮ ಪಂಚಾಯಿತಿಯ ಕಂಪ್ಯೂಟರ್ ಆಪರೇಟರ್, ಗ್ರಾಮ ಆಡಳಿತಾಧಿಕಾರಿ, ಬ್ಯಾಂಕ್ ಮಿತ್ರ, ಇವರನ್ನೆಲ್ಲ ಶಾಲೆಗೇ ಕರೆಸಿ ಕೂರಿಸಿದೆವು. ಅವರಾಗಿ ಬರುವುದಿಲ್ಲ, ಅಧ್ಯಕ್ಷರು ಹೋಗಿ ಕರೆಯಬೇಕು, ಒಂದು ಸಲ ಅಲ್ಲ, ಮತ್ತೆ ಮತ್ತೆ. ಅಧ್ಯಕ್ಷಗಿರಿಗೆ ಊರಲ್ಲಿ ಒಂದು ತೂಕ ಇದೆಯಲ್ಲ, ಅದನ್ನು ಇದಕ್ಕೆ ಬಳಸಬೇಕು. ಹೊಸದಾಗಿ ಸೇರಿಸುವಾಗ ಹುಟ್ಟಿದ ತಾರೀಖಿನ ಕಾಗದ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ ಅಂತ ಕಾಯ್ದೆಯ ಸೆಕ್ಷನ್ 14ರಲ್ಲಿ ಇದೆ. ಮೊದಲು ಮಗು ಒಳಗೆ, ಆಮೇಲೆ ಕಾಗದ. ಇದನ್ನು ಗೇಟಿನ ಹತ್ತಿರ ದೊಡ್ಡದಾಗಿ ಬರೆಸಿ ಅಂತ ಎಲ್ಲ ಸಮಿತಿಗಳಿಗೂ ನಾನು ಕೇಳಿಕೊಳ್ಳುತ್ತೇನೆ. ಮಹಾಪುರುಷರ ಚಿತ್ರಗಳ ಪಕ್ಕದಲ್ಲಿ ಇದಕ್ಕೂ ಒಂದಿಷ್ಟು ಗೋಡೆ ಇರಲಿ.

ಹೇಳಿದರೆ ಮಗುವಿಗೆ ಏನಾಗುತ್ತೋ

ಇದು ಎಲ್ಲಕ್ಕಿಂತ ಕಷ್ಟದ ವಿಷಯ. ಮಾಸ್ತರು ಹೊಡೆದರು, ಊಟಕ್ಕೆ ಬೇರೆ ಸಾಲಿನಲ್ಲಿ ಕೂರಿಸಿದರು, ಶೌಚಾಲಯ ನಮ್ಮ ಹುಡುಗರ ಕೈಯಲ್ಲೇ ತೊಳೆಸುತ್ತಾರೆ. ಇಂಥ ಮಾತು ಓಣಿಯಲ್ಲಿ ಕೇಳಿಬರುತ್ತದೆ, ಸಭೆಯಲ್ಲಿ ಕೇಳಿಬರುವುದಿಲ್ಲ. ಹೊಡೆಯುವುದನ್ನು, ಮನಸ್ಸಿಗೆ ನೋವಾಗುವ ಹಾಗೆ ನಡೆಸಿಕೊಳ್ಳುವುದನ್ನು ಸೆಕ್ಷನ್ 17 ಸ್ಪಷ್ಟವಾಗಿ ನಿಷೇಧಿಸಿದೆ. ಆದರೆ ತಾಯಿಯ ಲೆಕ್ಕ ಬೇರೆ. ನಾನು ಇವತ್ತು ಹೇಳುತ್ತೇನೆ, ನಾಳೆ ನನ್ನ ಮಗ ಅದೇ ಕೋಣೆಯಲ್ಲಿ ಕೂರಬೇಕು. ಜೊತೆಗೆ ಆ ಶಿಕ್ಷಕರ ಪಕ್ಕದಲ್ಲಿ ಕೂತಿರುವ ಅಧ್ಯಕ್ಷರ ಹೊಲದಲ್ಲೇ ನಾನು ಕೂಲಿ. ಇಷ್ಟೆಲ್ಲ ಇದ್ದಾಗ 'ಸಭೆಯಲ್ಲಿ ಧೈರ್ಯವಾಗಿ ಹೇಳಿ' ಅನ್ನುವುದರಲ್ಲಿ ಅರ್ಥ ಇಲ್ಲ.

ನಾನು ಯೋಚಿಸಿದ್ದು ಹೀಗೆ. ದೂರು ಕೇಳಲು ಸಮಿತಿಯಲ್ಲಿ ಇಬ್ಬರನ್ನು ಹೆಸರಿಸಬೇಕು. ಒಬ್ಬರು ಹೆಂಗಸು, ಒಬ್ಬರು ಕೇರಿ ಅಥವಾ ತಾಂಡಾದವರು, ಇಬ್ಬರೂ ಅಧ್ಯಕ್ಷರ ಮನೆತನದವರಲ್ಲ. ದೂರು ಅವರ ಮನೆಗೆ ಹೋಗಿ ಹೇಳಬಹುದು, ಬಾಯಿಮಾತಿನಲ್ಲಿ ಹೇಳಿದರೂ ಸಾಕು. ಸಭೆಯಲ್ಲಿ ವಿಷಯ ಬರಬೇಕು, ಹೇಳಿದವರ ಹೆಸರು ಬರಬಾರದು. ಮುಂದಿನ ತಿಂಗಳ ಸಭೆಯೊಳಗೆ ಏನಾಯ್ತು ಅನ್ನುವ ಉತ್ತರ ಆ ಮನೆಗೆ ವಾಪಸ್ ಹೋಗಬೇಕು. ಈ ಕೊನೆಯದ್ದನ್ನೇ ಎಲ್ಲರೂ ಮರೆಯುತ್ತಾರೆ. ಉತ್ತರ ಬರದಿದ್ದರೆ ಆ ಮನೆಯಿಂದ ಇನ್ನೊಂದು ದೂರು ಯಾವತ್ತೂ ಬರುವುದಿಲ್ಲ. ಸಮಿತಿಯಲ್ಲೇ ಬಗೆಹರಿಯದ್ದಕ್ಕೆ ಕಾಯ್ದೆಯಲ್ಲಿ ದಾರಿ ಇದೆ. ಸ್ಥಳೀಯ ಸಂಸ್ಥೆಗೆ ಬರೆದು ಕೊಟ್ಟರೆ ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು, ಅದೂ ಸರಿ ಅನ್ನಿಸದಿದ್ದರೆ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಹೋಗಬಹುದು. ಮಗುವಿಗೆ ಅಪಾಯ ಇದೆ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು, ಅದಕ್ಕೆ ಯಾವ ಸಮಿತಿಯ ಅಪ್ಪಣೆಯೂ ಬೇಡ. ಶಿಕ್ಷಕರಿಗೂ ಒಂದು ಮಾತು ಹೇಳಬೇಕು. ದೂರು ಬಂತು ಅಂದರೆ ಶಾಲೆಯ ಮಾನ ಹೋಯ್ತು ಅಂದುಕೊಳ್ಳಬೇಡಿ. ಎಲ್ಲೂ ಬಾಯಿ ಬಿಡದ ಮನೆಯವರು ನಿಮ್ಮ ಹತ್ತಿರ ಬಾಯಿ ಬಿಟ್ಟಿದ್ದಾರೆ.

ಅಂಗವಿಕಲ ಮಕ್ಕಳ ಬಗ್ಗೆಯೂ ಹೇಳಬೇಕು. ಎಷ್ಟೋ ಶಾಲೆಗಳಲ್ಲಿ ರ್‍ಯಾಂಪ್ ಇದೆ, ಅದರ ಮೇಲೆ ಹೋಗಬೇಕಾದ ಮಗು ಮನೆಯಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಅಂಥ ಮಕ್ಕಳಿಗೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಗೃಹಾಧಾರಿತ ಶಿಕ್ಷಣ ಅಂತ ಶಿಕ್ಷಕರು ಮನೆಗೆ ಬರುವ ವ್ಯವಸ್ಥೆಯೂ ಇದೆ, ಆದರೆ ಒಬ್ಬರ ಮೇಲೆ ಬಹಳ ಹಳ್ಳಿಗಳ ಹೊಣೆ ಇರುತ್ತದೆ. ಸಮಿತಿಯವರು ಆ ಮನೆಗೆ ಹೋಗಿ ಮೊದಲು ತಾಯಿಯನ್ನು ಮಾತಾಡಿಸಲಿ. ನಮ್ಮೂರಿನ ಒಂದು ಮನೆಯಲ್ಲಿ ಆ ತಾಯಿ ಕೇಳಿದ್ದು ಗಾಲಿ ಕುರ್ಚಿಯನ್ನಲ್ಲ. ವಾರಕ್ಕೊಂದು ದಿನ, ಹಾಡು ಹೇಳಿಸುವ ಹೊತ್ತಿಗಾದರೂ ಮಗನನ್ನು ತರಗತಿಯಲ್ಲಿ ಕೂರಿಸಿಕೊಳ್ಳಿ ಅಂದರು. ಈಗ ಶನಿವಾರ ಅವನು ಬರುತ್ತಾನೆ. ಎತ್ತಿಕೊಂಡು ಬರಲು ದೊಡ್ಡ ಹುಡುಗರ ನಡುವೆ ಪೈಪೋಟಿ.

ಸಮಿತಿಯ ಕೈಲಾಗದ್ದು

ಇಷ್ಟೆಲ್ಲ ಬರೆದ ಮೇಲೆ ಒಂದನ್ನು ಒತ್ತಿ ಹೇಳಬೇಕು. ಸರ್ಕಾರ ಮಾಡಬೇಕಾದ ಕೆಲಸವನ್ನು ಪೋಷಕರ ತಲೆಗೆ ಕಟ್ಟಲು ಎಸ್‌ಡಿಎಂಸಿ ಇರುವುದಲ್ಲ. ಶಿಕ್ಷಕರ ಹುದ್ದೆ ಖಾಲಿ ಬಿದ್ದಿದೆ, ಅತಿಥಿ ಶಿಕ್ಷಕರಿಗೆ ಸಂಬಳ ಸಮಯಕ್ಕೆ ಬರುವುದಿಲ್ಲ ಅಂದರೆ ಅದಕ್ಕೆ ಊರವರಿಂದ ವಂತಿಗೆ ಎತ್ತುವುದು ಪರಿಹಾರವಲ್ಲ. ವಂತಿಗೆ ಕೊಡಲಾಗದ ಮನೆ ಮತ್ತಷ್ಟು ಹಿಂದೆ ಸರಿಯುತ್ತದೆ. ಸಮಿತಿ ಮಾಡಬೇಕಾದದ್ದು ಕೇಳುವುದು, ಬರೆಯುವುದು, ಮತ್ತೆ ಕೇಳುವುದು. ಅದಕ್ಕೆ ಒಳ್ಳೆಯ ಹತಾರ ಕಾಯ್ದೆಯಲ್ಲೇ ಇದೆ. ಸೆಕ್ಷನ್ 22ರ ಶಾಲಾ ಅಭಿವೃದ್ಧಿ ಯೋಜನೆ. ಸಮಿತಿ ಮಾಡುವ ಯೋಜನೆಯ ಮೇಲೆಯೇ ಅನುದಾನ ನಿಲ್ಲಬೇಕು ಅಂತ ಅದರಲ್ಲಿ ಬರೆದಿದೆ. ನಡೆಯುವುದೇನು? ಹಿಂದಿನ ವರ್ಷದ್ದನ್ನು ನಕಲು ಮಾಡಿ, ಮಕ್ಕಳ ಸಂಖ್ಯೆ ತಿದ್ದಿ, ಸಹಿ ಹಾಕಿಸಿ ಕಳಿಸುತ್ತಾರೆ. ಹೆಡ್‌ಮಾಸ್ತರಿಗೆ ಬೇರೆ ಹತ್ತು ಮಾಹಿತಿ ಅದೇ ದಿನ ಕಳಿಸಬೇಕಿರುತ್ತದೆ, ಅವರನ್ನೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಮೇಲಿನವರು ಆ ಯೋಜನೆಯನ್ನು ಒಮ್ಮೆಯಾದರೂ ಓದಿ, 'ನೀವು ಕೇಳಿದ್ದು ಇದು, ಕೊಟ್ಟಿದ್ದು ಇದು, ಕೊಡದೇ ಇರುವುದಕ್ಕೆ ಕಾರಣ ಇದು' ಅಂತ ಬರೆದು ವಾಪಸ್ ಕಳಿಸಿದರೆ ಮುಂದಿನ ವರ್ಷ ನಕಲು ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ.

ಸದಸ್ಯರ ತರಬೇತಿಯೂ ಹಾಗೇ ಆಗಿದೆ. ತಾಲ್ಲೂಕು ಕೇಂದ್ರದಲ್ಲಿ ಒಂದು ದಿನ, ಪರದೆಯ ಮೇಲೆ ನಿಯಮಗಳು, ಮಧ್ಯಾಹ್ನ ಊಟ, ಸಹಿ. ಪಾಸ್‌ಬುಕ್ ಹೇಗೆ ಓದುವುದು, ಬಿಲ್ಲು ಹೇಗೆ ನೋಡುವುದು, ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಹೇಗೆ ಕೇಳಿ ಪಡೆಯುವುದು, ಇವನ್ನು ಊರಲ್ಲೇ, ಸಂಜೆ ಹೊತ್ತು ಹೇಳಿಕೊಡಲಿ. ಚಿಲಕದ ಮಾತೆತ್ತಿದ ತಾಯಿಯಂಥವರು ಎರಡು ಸಂಜೆಯಲ್ಲಿ ಕಲಿಯುತ್ತಾರೆ. ಸ್ವಸಹಾಯ ಸಂಘದ ಲೆಕ್ಕ ಬರೆಯುವವರಿಗೆ ಶಾಲೆಯ ಲೆಕ್ಕ ಕಷ್ಟವೇ?

ಈಗ ನಮ್ಮ ಸಮಿತಿ ಹಿಡಿದಿರುವುದು ಏಳನೇ ತರಗತಿ ಮುಗಿಸಿದ ಮಕ್ಕಳ ವಿಷಯ. ನಮ್ಮಲ್ಲಿ ಎಂಟನೇ ತರಗತಿ ಇಲ್ಲ, ಹೈಸ್ಕೂಲು ಹೋಬಳಿ ಊರಲ್ಲಿದೆ. ಟಿಸಿ ಕೊಟ್ಟ ಮೇಲೆ ಮಗು ನಮ್ಮ ಪಟ್ಟಿಯಿಂದ ಹೋಗುತ್ತದೆ, ಅಲ್ಲಿ ಸೇರದಿದ್ದರೆ ಅವರ ಪಟ್ಟಿಗೂ ಬರುವುದಿಲ್ಲ. ನಡುವೆ ಕಳೆದುಹೋಗುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಜೂನ್‌ನಲ್ಲಿ ಒಂದೊಂದು ಹೆಸರು ಹಿಡಿದು ಹೈಸ್ಕೂಲಿನಲ್ಲಿ ವಿಚಾರಿಸುತ್ತೇವೆ, ಸೇರದವರ ಮನೆಗೆ ಹೋಗುತ್ತೇವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬಸ್ ಚಾರ್ಜಿನ ಚಿಂತೆ ಇಲ್ಲ. ಆದರೆ ಸಂಜೆ ಶಾಲೆ ಬಿಡುವುದಕ್ಕೂ ಬಸ್ ಬರುವುದಕ್ಕೂ ನಡುವೆ ಬಹಳ ಹೊತ್ತಿದೆ, ಊರಿಗೆ ಬಂದು ಇಳಿಯುವಾಗ ಕತ್ತಲಾಗಿರುತ್ತದೆ, ತಾಂಡಾ ಅಲ್ಲಿಂದ ಇನ್ನೂ ಮುಂದೆ. ತಾಯಂದಿರು ಹೇಳಿದ ಕಾರಣ ಇದೊಂದೇ. ಬಸ್ಸಿನ ಸಮಯ ಬದಲಿಸಿ ಅಂತ ಅರ್ಜಿ ಬರೆದಿದ್ದೇವೆ, ಪ್ರತಿ ಹುಡುಗಿಯ ಹೆಸರು ಹಾಕಿ, ಪ್ರತಿ ತಾಯಿಯ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. ಮುಂದಿನ ಸಭೆಗೆ ಹೈಸ್ಕೂಲಿನ ಸಮಿತಿಯವರನ್ನೂ ಕರೆದಿದ್ದೇವೆ. ಸಂಜೆ ಏಳಕ್ಕೆ, ತಾಂಡಾದಲ್ಲಿ.